ನಾವು ಗೆದ್ದೆವು ಎಂಬ ಮಾತು

ತಮಿಳಿನಲ್ಲಿ ‘ನಾವು’ ಎನ್ನುವುದಕ್ಕೆ ಎರಡು ಶಬ್ದಗಳಿವೆ. ಕೇಳುವವನನ್ನೂ ಸೇರಿಸಿಕೊಂಡು ಹೇಳುವಾಗ ‘ನಾಮ್’. ಅವನನ್ನು ಹೊರಗಿಟ್ಟು ಹೇಳುವಾಗ ‘ನಾಂಗಳ್’. ಮನೆಯವರು ‘ನಾಮ್’ ಎಂದು ಊಟದ ಮಾತೆತ್ತಿದರೆ ಬಂದ ಅತಿಥಿಗೂ ಎಲೆ ಬೀಳುವುದು ಖಂಡಿತ. ‘ನಾಂಗಳ್’ ಎಂದರೆ ಅತಿಥಿಯು ಮೇಲೇಳುವುದು ಲೇಸು. ತೆಲುಗಿನಲ್ಲಿ ‘ಮನಮು’, ‘ಮೇಮು’ ಎಂದು ಇದೇ ಭೇದವುಂಟು. ಮಲೆಯಾಳದಲ್ಲಿಯೂ ತುಳುವಿನಲ್ಲಿಯೂ ಉಂಟು. ಇಂದಿನ ಕನ್ನಡದಲ್ಲಿ ಮಾತ್ರ ಒಂದೇ ‘ನಾವು’. ಕೇಳುವವನು ಒಳಗೋ ಹೊರಗೋ ಎಂಬುದನ್ನು ಆ ಶಬ್ದ ಹೇಳುವುದಿಲ್ಲ. ಹೇಳುವವನ ಮುಖ ನೋಡಿ ತಿಳಿದುಕೊಳ್ಳಬೇಕು. ಸಾಲದುದಕ್ಕೆ, ಈ ಬರಹದಲ್ಲಿ ‘ನಾವು’ ಎಂದು ಬರೆಯುತ್ತಿರುವವರು ಒಬ್ಬರೇ. ಅದು ಲೇಖಕರಾದವರು ತಮಗೆ ತಾವೇ ಕೊಟ್ಟುಕೊಳ್ಳುವ ಮರ್ಯಾದೆ, ವಾಚಕರು ಮನ್ನಿಸಬೇಕು.

ಕೊಯಮತ್ತೂರು, ತಿರುಪ್ಪೂರು ಸೀಮೆಯ ಕನ್ನಡಿಗರ ನಾಲಗೆಯ ಮೇಲೆ ಈ ಮೂರು ಶಬ್ದಗಳೂ ಇವೆ. ಮನೆಯೊಳಗೆ ‘ನಾವು’, ಹೊಸ್ತಿಲು ದಾಟಿದರೆ ಸಮಯಕ್ಕೆ ತಕ್ಕಂತೆ ‘ನಾಮ್’ ಇಲ್ಲವೆ ‘ನಾಂಗಳ್’. ಮಗ್ಗವನ್ನು ನಂಬಿದ ದೇವಾಂಗರು, ಹೊಲವನ್ನು ನಂಬಿದ ಒಕ್ಕಲಿಗರು, ಮಂದೆಯನ್ನು ನಂಬಿದ ಕುರುಬರು ತಲೆತಲಾಂತರದಿಂದ ಇಲ್ಲಿ ಹೀಗೆಯೇ ಬಾಳಿದ್ದಾರೆ. ೧೭೯೯ರವರೆಗೆ ಈ ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. ೧೯೫೬ರವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ವರ್ಷದ ನವೆಂಬರ್ ೧ರಂದು ಅದು ಮೈಸೂರು ರಾಜ್ಯಕ್ಕೆ ಹೋಯಿತು. ಗಡಿಗಳು ಜರುಗಿದವು, ಮನೆಗಳು ಇದ್ದಲ್ಲಿಯೇ ಉಳಿದವು. ಆದುದರಿಂದ ‘ನಾವು’ ಎಂದರೆ ಯಾರು ಯಾರು ಎಂಬುದು ನಮ್ಮ ಪಾಲಿಗೆ ಬರಿಯ ವ್ಯಾಕರಣದ ಪ್ರಶ್ನೆಯಲ್ಲ.

ಇಷ್ಟೆಲ್ಲ ಪೀಠಿಕೆ ಟೆನ್ನಿಸಿನ ಸಲುವಾಗಿ ಎಂದರೆ ವಾಚಕರಿಗೆ ಆಶ್ಚರ್ಯವಾದೀತು. ಆದರೆ ಈ ಪ್ರಶ್ನೆ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ನೆಲೆಸಿದ್ದು ಡೇವಿಸ್ ಕಪ್ಪಿನಲ್ಲಿ ಆಡುವ ಭಾರತ ತಂಡದ ಚರಿತ್ರೆಯನ್ನು ಓದುವಾಗ. ‘ನಾವು ಗೆದ್ದೆವು’ ಎಂದು ನಾವೆಲ್ಲ ಎಷ್ಟು ಸಲೀಸಾಗಿ ಹೇಳುತ್ತೇವೆ! ಆಡಿದವರು ಇಬ್ಬರೋ ಮೂವರೋ. ಹೇಳುವವರಲ್ಲಿ ಹೆಚ್ಚಿನವರು ಟೆನ್ನಿಸ್ ರ‍್ಯಾಕೆಟ್ಟನ್ನು ಅಂಗಡಿಯ ಗಾಜಿನ ಆಚೆಗೆ ನೋಡಿದವರು. ಆ ಮಾತನ್ನಾಡುವ ಹಕ್ಕು ನಮಗೆ ಬಂದದ್ದು ಎಲ್ಲಿಂದ?

ಟೆನ್ನಿಸ್ ಮೂಲತಃ ಒಂಟಿಯ ಆಟ. ಹನ್ನೊಂದು ಮಂದಿಯ ಕ್ರಿಕೆಟ್ಟಿನಲ್ಲಿ ಒಬ್ಬನ ತಪ್ಪನ್ನು ಇನ್ನೊಬ್ಬನು ಮುಚ್ಚಬಹುದು. ಕಬಡ್ಡಿಯಲ್ಲಿ ಔಟಾದವನನ್ನು ಜೊತೆಯವರು ಮರಳಿ ಒಳಗೆ ತರಬಹುದು. ಟೆನ್ನಿಸ್ ಅಂಗಣದಲ್ಲಿ ನಿಂತವನಿಗೆ ಅಂಥ ಆಸರೆಯಿಲ್ಲ. ವರ್ಷದ ಉಳಿದ ದಿನಗಳಲ್ಲಿ ಅವನು ತನ್ನ ಹೆಸರಿಗಾಗಿ, ತನ್ನ ಹೊಟ್ಟೆಗಾಗಿ ಊರಿಂದೂರಿಗೆ ಅಲೆಯುವ ಒಂಟಿ ದುಡಿಮೆಗಾರ. ಅಂಥವನನ್ನು ಕರೆದು, ಇನ್ನು ಕೆಲವು ದಿನ ನೀನು ನೀನಲ್ಲ, ನಿನ್ನ ದೇಶ ಎಂದು ಹೇಳುವ ಏರ್ಪಾಡೇ ಡೇವಿಸ್ ಕಪ್.

ಇದು ೧೯೦೦ರಲ್ಲಿ ಹುಟ್ಟಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಡ್ವೈಟ್ ಡೇವಿಸ್ ಎಂಬ ತರುಣ ಬೆಳ್ಳಿಯ ಬಟ್ಟಲೊಂದನ್ನು ಮಾಡಿಸಿ ಕೊಟ್ಟನು. ಮೊದಲ ವರ್ಷ ಬಾಸ್ಟನ್ನಿನಲ್ಲಿ ಅಮೆರಿಕದವರೂ ಬ್ರಿಟಿಷ್ ದ್ವೀಪಗಳವರೂ ಆಡಿದರು, ಅಮೆರಿಕದವರು ಗೆದ್ದರು. ಅಂದು ಎರಡು ದೇಶಗಳು. ಇಂದು ನೂರೈವತ್ತಕ್ಕೂ ಹೆಚ್ಚು. ಎರಡು ದೇಶಗಳು ಎದುರಾದಾಗ ಸಾಮಾನ್ಯವಾಗಿ ಒಟ್ಟು ಐದು ಪಂದ್ಯ: ನಾಲ್ಕು ಸಿಂಗಲ್ಸ್, ಒಂದು ಡಬಲ್ಸ್. ಮೂರು ಗೆದ್ದವರು ಮುಂದಕ್ಕೆ. ಬಹುಕಾಲ ಇದು ಮೂರು ದಿನ ನಡೆಯುತ್ತಿತ್ತು, ಒಂದೊಂದು ಪಂದ್ಯವೂ ಐದು ಸೆಟ್ಟುಗಳವರೆಗೆ ಬೆಳೆಯುತ್ತಿತ್ತು. ೨೦೧೮, ೨೦೧೯ರ ಬದಲಾವಣೆಗಳ ಅನಂತರ ಎರಡು ದಿನಕ್ಕೂ ಮೂರು ಸೆಟ್ಟಿಗೂ ಇಳಿದಿದೆ.

ಈ ಸ್ಪರ್ಧೆಯ ಎರಡು ಪದ್ಧತಿಗಳು ನಮಗೆ ಬಹಳ ಅರ್ಥವತ್ತಾಗಿ ಕಂಡಿವೆ. ಒಂದು, ಆಡುವವನ ಪಕ್ಕದಲ್ಲಿ ನಾಯಕನಿಗೊಂದು ಕುರ್ಚಿ. ಬೇರೆ ಸ್ಪರ್ಧೆಗಳಲ್ಲಿ ಬಹುಕಾಲ ಆಟಗಾರನಿಗೆ ಹೊರಗಿನವರು ಸಲಹೆ ಕೊಡುವುದೇ ನಿಷಿದ್ಧವಾಗಿದ್ದಾಗ, ಇಲ್ಲಿ ಮಾತ್ರ ಬದಿ ಬದಲಾಯಿಸುವಾಗಲೆಲ್ಲ ಒಬ್ಬರು ನೀರು ಕೊಟ್ಟು ಕಿವಿಯಲ್ಲಿ ಎರಡು ಮಾತು ಹೇಳಬಹುದಾಗಿತ್ತು. ಇನ್ನೊಂದು, ಅಂಪೈರ್ ಕೂಗುವ ರೀತಿ. ಬೇರೆಡೆ ಆಟಗಾರನ ಹೆಸರು ಹಿಡಿದು ಕೂಗುವ ಅಂಪೈರ್ ಇಲ್ಲಿ ‘ಗೇಮ್, ಇಂಡಿಯಾ’ ಎನ್ನುತ್ತಾನೆ. ಹೊಡೆದದ್ದು ಒಬ್ಬ, ಲೆಕ್ಕ ಬರೆದದ್ದು ದೇಶದ ಖಾತೆಗೆ. ಒಬ್ಬನ ಸಂಪಾದನೆ ಇಡೀ ಮನೆಯ ಹೆಸರಿಗೆ ಜಮೆಯಾಗುವ ಅವಿಭಕ್ತ ಕುಟುಂಬದ ಲೆಕ್ಕವಿದು. ಅಂಥ ಕುಟುಂಬದಲ್ಲಿ ಬೆಳೆದವರಿಗೆ ಅದರ ಸುಖವೂ ಗೊತ್ತು, ಕಷ್ಟವೂ ಗೊತ್ತು.

ಭಾರತ ಈ ಸ್ಪರ್ಧೆಗೆ ಇಳಿದದ್ದು ೧೯೨೧ರಲ್ಲಿ, ಇನ್ನೂ ಬ್ರಿಟಿಷರ ಆಳ್ವಿಕೆ ನಡೆಯುತ್ತಿದ್ದಾಗ. ಸ್ವತಂತ್ರವಲ್ಲದ ದೇಶಕ್ಕೆ ಟೆನ್ನಿಸ್ ಅಂಗಣದಲ್ಲಿ ತನ್ನದೇ ಹೆಸರು ದೊರೆಯಿತು. ಮೊದಲ ಹೆಜ್ಜೆಯಲ್ಲಿಯೇ ಪ್ಯಾರಿಸ್ಸಿನಲ್ಲಿ ಫ್ರಾನ್ಸನ್ನು ಸೋಲಿಸಿತು. ಆದರೆ ಸಾಮಾನ್ಯ ಜನರ ಬಾಯಲ್ಲಿ ‘ನಾವು’ ಎಂಬ ಮಾತು ಈ ಆಟದ ಸಂಬಂಧವಾಗಿ ಬರತೊಡಗಿದ್ದು ೧೯೬೬ರಲ್ಲಿ.

ಆ ವರ್ಷದ ಡಿಸೆಂಬರಿನಲ್ಲಿ ಕಲ್ಕತ್ತೆಯ ಸೌತ್ ಕ್ಲಬ್ಬಿನ ಹುಲ್ಲಿನ ಅಂಗಣದಲ್ಲಿ ಭಾರತವೂ ಬ್ರೆಜಿಲ್ಲೂ ಎದುರಾದವು. ಗೆದ್ದವರಿಗೆ ಆಸ್ಟ್ರೇಲಿಯದೊಡನೆ ಅಂತಿಮ ಸ್ಪರ್ಧೆ. ನಾಲ್ಕು ಪಂದ್ಯಗಳು ಮುಗಿದಾಗ ಎರಡು-ಎರಡು ಸಮ. ಐದನೆಯದರಲ್ಲಿ ರಾಮನಾಥನ್ ಕೃಷ್ಣನ್ ಅವರಿಗೆ ಎದುರಾಳಿ ಥೋಮಾಜ್ ಕಾಕ್. ಕೃಷ್ಣನ್ ಆ ಹೊತ್ತಿಗೆ ೧೯೬೦, ೧೯೬೧ರಲ್ಲಿ ಎರಡು ಸಲ ವಿಂಬಲ್ಡನ್ನಿನ ಸೆಮಿಫೈನಲ್ ತಲಪಿದ್ದವರು. ಮೂರು ಸೆಟ್ಟುಗಳಲ್ಲಿ ಎರಡು ಕಾಕ್ ಪಾಲಾದವು. ನಾಲ್ಕನೆಯದರಲ್ಲಿ ೨-೫. ಇನ್ನೊಂದು ಗೇಮ್ ಹೋದರೆ ಎಲ್ಲವೂ ಮುಗಿದಂತೆ. ಅಲ್ಲಿಂದ ಕೃಷ್ಣನ್ ಐದು ಗೇಮುಗಳನ್ನು ಒಂದರ ಮೇಲೊಂದರಂತೆ ಗೆದ್ದು ಆ ಸೆಟ್ಟನ್ನು ೭-೫ರಿಂದ, ಮುಂದಿನದನ್ನು ೬-೨ರಿಂದ ತಮ್ಮದಾಗಿಸಿಕೊಂಡರು. ನಮ್ಮ ಸಂಘದ ಹಿರಿಯರೊಬ್ಬರು, ಹತ್ತಿ ಗಿರಣಿಯಲ್ಲಿ ಆಯುಷ್ಯ ಸವೆಸಿದವರು, ಈ ಕಥೆಯನ್ನು ಹೇಳುವಾಗಲೆಲ್ಲ ‘ಆವತ್ತು ನಾವು ಬದುಕಿಕೊಂಡೆವು ನೋಡಿ’ ಎನ್ನುತ್ತಾರೆ. ಅವರು ಕಲ್ಕತ್ತೆಯನ್ನೂ ಕಂಡವರಲ್ಲ, ಟೆನ್ನಿಸನ್ನೂ ಆಡಿದವರಲ್ಲ. ಮರುದಿನದ ಪತ್ರಿಕೆಯನ್ನು ಚಹದ ಅಂಗಡಿಯಲ್ಲಿ ಒಬ್ಬನು ಗಟ್ಟಿಯಾಗಿ ಓದಿದ್ದನ್ನು ಪಾಳಿಯ ಗಂಟೆಗೆ ಮುಂಚೆ ನಿಂತು ಕೇಳಿದ್ದರು, ಅಷ್ಟೆ.

ಆ ತಿಂಗಳ ಕೊನೆಗೆ ಮೆಲ್ಬರ್ನಿನಲ್ಲಿ ಭಾರತ ೪-೧ರಿಂದ ಸೋತಿತು. ಆದರೆ ಆ ಒಂದು ಗೆಲುವು ಡಬಲ್ಸಿನದು. ಕೃಷ್ಣನ್ ಮತ್ತು ಜೈದೀಪ್ ಮುಖರ್ಜಿ ಸೇರಿ ಮಣಿಸಿದ್ದು ಜಾನ್ ನ್ಯೂಕೂಂಬ್ ಮತ್ತು ಟೋನಿ ರೋಚ್ ಜೋಡಿಯನ್ನು. ಹಿಂದಿನ ವರ್ಷವಷ್ಟೇ ವಿಂಬಲ್ಡನ್ ಡಬಲ್ಸನ್ನು ಗೆದ್ದಿದ್ದ ಜೋಡಿ ಅದು. ಮದರಾಸಿನವರೊಬ್ಬರು, ಕಲ್ಕತ್ತೆಯವರೊಬ್ಬರು. ಇಬ್ಬರು ಒಟ್ಟಿಗೆ ನಿಂತಾಗ ಒಬ್ಬೊಬ್ಬರಿಗೆ ಸಾಧ್ಯವಾಗದ್ದು ಸಾಧ್ಯವಾಯಿತು ಎಂಬುದನ್ನು ಗಮನಿಸಿಟ್ಟುಕೊಳ್ಳಬೇಕು.

ಇಲ್ಲಿಯವರೆಗೆ ‘ನಾವು’ ಎಂಬ ಮಾತಿಗೆ ವೆಚ್ಚವೇನೂ ತಗಲಲಿಲ್ಲ. ಗೆದ್ದರೆ ಹಿಗ್ಗು, ಸೋತರೆ ಒಂದು ನಿಟ್ಟುಸಿರು. ಆ ಮಾತಿನ ಬೆಲೆ ತಿಳಿಯಬೇಕಾದರೆ ೧೯೭೪ಕ್ಕೆ ಹೋಗಬೇಕು.

೧೯೭೪ರಲ್ಲಿ ತಂಡದಲ್ಲಿದ್ದವರು ಮದರಾಸಿನ ಅಣ್ಣತಮ್ಮಂದಿರಾದ ಆನಂದ್ ಮತ್ತು ವಿಜಯ್ ಅಮೃತರಾಜ್, ಜೊತೆಗೆ ಜಸ್ಜಿತ್ ಸಿಂಗ್ ಮತ್ತು ಶಶಿ ಮೆನನ್. ಅಮೃತರಾಜ್ ಸಹೋದರರಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ಕಲ್ಕತ್ತೆಯಲ್ಲಿ ಅವರು ಆಸ್ಟ್ರೇಲಿಯವನ್ನು ೩-೨ರಿಂದ ಸೋಲಿಸಿದರು. ಆ ಐದು ಪಂದ್ಯಗಳಲ್ಲಿ ಒಟ್ಟು ೩೨೭ ಗೇಮುಗಳು ನಡೆದುವೆಂದರೆ ಹೋರಾಟ ಎಷ್ಟು ದೀರ್ಘವಾಗಿತ್ತೆಂದು ಊಹಿಸಬಹುದು. ಡೇವಿಸ್ ಕಪ್ಪಿನ ಚರಿತ್ರೆಯಲ್ಲಿ ಅದೊಂದು ದಾಖಲೆ. ಅನಂತರ ಪುಣೆಯಲ್ಲಿ ಸೋವಿಯತ್ ರಷ್ಯವನ್ನು ೩-೧ರಿಂದ ಸೋಲಿಸಿ ಅಂತಿಮ ಘಟ್ಟ ತಲಪಿದರು. ಎದುರಿಗೆ ದಕ್ಷಿಣ ಆಫ್ರಿಕ.

ಬಿಳಿಯರಿಗೊಂದು ನ್ಯಾಯ, ಕರಿಯರಿಗೊಂದು ನ್ಯಾಯ ಎಂಬುದನ್ನು ಕಾನೂನಾಗಿ ಬರೆದಿಟ್ಟುಕೊಂಡಿದ್ದ ರಾಜ್ಯವದು. ಗಾಂಧೀಜಿಯವರು ೧೮೯೩ರಲ್ಲಿ ಅಲ್ಲಿಗೆ ಹೋಗಿ ರೈಲಿನಿಂದ ಹೊರದೂಡಿಸಿಕೊಂಡದ್ದು ನಮ್ಮ ಪ್ರಾಥಮಿಕ ಶಾಲೆಗಳ ಪಾಠ. ೧೯೪೬ರಲ್ಲಿಯೇ ಭಾರತ ಆ ದೇಶದೊಡನೆ ವ್ಯಾಪಾರವನ್ನು ಕಡಿದುಕೊಂಡಿತ್ತು. ಹೀಗಿರಲು ಅದೇ ದೇಶದೊಡನೆ ಬಲೆಯ ಆಚೆ ಈಚೆ ನಿಂತು, ಆಟ ಮುಗಿದ ಮೇಲೆ ಕೈ ಕುಲುಕುವುದೆ? ಸರ್ಕಾರದ ನೀತಿಗನುಸಾರವಾಗಿ ಭಾರತ ಆಡುವುದಿಲ್ಲವೆಂದು ತಿಳಿಸಿತು. ಬಟ್ಟಲು ದಕ್ಷಿಣ ಆಫ್ರಿಕಕ್ಕೆ ಹೋಯಿತು. ಡೇವಿಸ್ ಕಪ್ಪಿನ ಅಂತಿಮ ಸ್ಪರ್ಧೆ ಒಂದು ಚೆಂಡೂ ಹಾರದೆ ತೀರ್ಮಾನವಾದದ್ದು ಅದೊಂದೇ ಸಲ.

ಐದನೆಯ ತರಗತಿಯ ಮಕ್ಕಳಿಗೆ ಆಟದ ಗಂಟೆಯಲ್ಲಿ ಮಳೆ ಬಂದ ಒಂದು ದಿನ ನಾವು ಈ ಕಥೆಯನ್ನು ಹೇಳಿದೆವು. ಗಾಂಧೀಜಿಯವರ ಪಾಠ ಆ ವಾರವಷ್ಟೇ ಮುಗಿದಿತ್ತು. ಮಕ್ಕಳಲ್ಲಿ ಕೂಡಲೇ ಎರಡು ಪಕ್ಷಗಳಾದವು. ಆಡಿ ಸೋಲಿಸಿ ಬುದ್ಧಿ ಕಲಿಸಬೇಕಾಗಿತ್ತು ಎಂದು ಒಂದು ಪಕ್ಷ. ಅಂಥವರೊಡನೆ ಸೇರಲೇಬಾರದು ಎಂದು ಇನ್ನೊಂದು. ನಾವು ಎರಡನೆಯ ಪಕ್ಷದ ಕಡೆಗೆ ವಾಲಿ, ಭಾರತ ಬಟ್ಟಲನ್ನು ಬಿಟ್ಟುಕೊಟ್ಟು ಅದಕ್ಕಿಂತ ದೊಡ್ಡದನ್ನು ಉಳಿಸಿಕೊಂಡಿತು ಎಂದು ಉಪಾಧ್ಯಾಯರಿಗೆ ಸಹಜವಾದ ಗಂಭೀರ ಸ್ವರದಲ್ಲಿ ಹೇಳಿದೆವು. ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ನೇಯ್ಗೆಯವರ ಮನೆಯ ಮಗು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಅವಳು ತಮಿಳಿನಲ್ಲಿ ಕೇಳಿದ್ದರ ಕನ್ನಡ ಹೀಗೆ: ‘ಸಾರ್, ಬಿಟ್ಟುಕೊಟ್ಟದ್ದು ನಾವೋ? ಆ ಅಣ್ಣಂದಿರೋ?’

ಅವಳು ಬಳಸಿದ ಶಬ್ದ ‘ನಾಮ್’. ಕೇಳುವವರನ್ನೂ ಒಳಗೊಂಡ ‘ನಾವು’. ಅದರೊಳಗೆ ಅವಳೂ ಇದ್ದಳು, ಇಡೀ ತರಗತಿಯೂ ಇತ್ತು, ನಾವೂ ಇದ್ದೆವು.

ಈ ಪ್ರಶ್ನೆಗೆ ಸುಲಭವಾದ ಉತ್ತರವಿಲ್ಲ. ಒಂದು ದೇಶ ಸತ್ಯದ ಪಕ್ಷವನ್ನು ಹಿಡಿಯಿತು. ಅದರ ಯಶಸ್ಸು ದೇಶಕ್ಕೆಲ್ಲ ಸಂದಿತು. ನಾವೂ ಇಂದು ಅದನ್ನು ಹೇಳಿಕೊಂಡು ಹೆಮ್ಮೆಪಡುತ್ತೇವೆ. ಆದರೆ ಅದರ ಬೆಲೆ ತೆತ್ತವರು ನಾಲ್ಕೈದು ಮಂದಿ ತರುಣರು. ಜೀವಮಾನದಲ್ಲಿ ಒಮ್ಮೆ ಬರುವ ಸಂದರ್ಭ ಅವರ ಕೈಯಳತೆಯಲ್ಲಿ ಬಂದು ಹೋಯಿತು. ತೀರ್ಮಾನ ಅವರದಾಗಿರಲಿಲ್ಲ, ನಷ್ಟ ಮಾತ್ರ ಅವರದು. ತೀರ್ಮಾನ ಸರಿಯಾದದ್ದೇ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ದಕ್ಷಿಣ ಆಫ್ರಿಕದಲ್ಲಿ ೧೯೯೪ರಲ್ಲಿ ಎಲ್ಲ ಬಣ್ಣದವರೂ ಮತ ಹಾಕುವ ದಿನ ಬಂದದ್ದು ಇಂಥ ನೂರಾರು ಬಹಿಷ್ಕಾರಗಳ ಒತ್ತಡವೂ ಸೇರಿಯೇ. ಆದರೆ ಸರಿಯಾದ ಕೆಲಸವನ್ನು ಇನ್ನೊಬ್ಬರ ಕೈಯಿಂದ ತೆತ್ತು ಮಾಡಿದಾಗ, ಆ ಇನ್ನೊಬ್ಬರ ಹೆಸರನ್ನಾದರೂ ಹೇಳುವುದು ‘ನಾವು’ ಎನ್ನುವವರ ಕರ್ತವ್ಯ. ಆದುದರಿಂದ ನಾವು ಅಂದು ಕರಿಹಲಗೆಯ ಮೇಲೆ ಆ ನಾಲ್ವರ ಹೆಸರನ್ನೂ ಬರೆದೆವು. ಮಕ್ಕಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಪರೀಕ್ಷೆಗೆ ಬರುವುದಿಲ್ಲವೆಂದು ಹೇಳಿದರೂ ಬರೆದುಕೊಂಡರು.

ವಿಜಯ್ ಮತ್ತು ಆನಂದ್ ಅವರಿಗೆ ೧೯೮೭ರಲ್ಲಿ ಇನ್ನೊಂದು ಅವಕಾಶ ಬಂದದ್ದೂ ನಿಜ. ಈ ಸಲ ಅವರೊಡನೆ ರಾಮನಾಥನ್ ಕೃಷ್ಣನ್ ಅವರ ಮಗ ರಮೇಶ್ ಕೃಷ್ಣನ್. ಸಿಡ್ನಿಯಲ್ಲಿ ಆಸ್ಟ್ರೇಲಿಯದವರನ್ನು ಅವರ ಹುಲ್ಲಿನ ಮೇಲೆಯೇ ೩-೨ರಿಂದ ಸೋಲಿಸಿ ಅಂತಿಮ ಘಟ್ಟಕ್ಕೆ ಹೋದರು. ತಂದೆ ಹೋದ ಎಡೆಗೆ ಇಪ್ಪತ್ತೊಂದು ವರ್ಷಗಳ ಮೇಲೆ ಮಗನೂ ಹೋದನು. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಡಿಸೆಂಬರಿನ ಛಳಿಯಲ್ಲಿ, ಮಾಡಿನ ಕೆಳಗೆ ಹಾಸಿದ ಮಣ್ಣಿನ ಅಂಗಣದಲ್ಲಿ, ಸ್ವೀಡನ್ ೫-೦ರಿಂದ ಗೆದ್ದಿತು. ಮೂರು ಸಲ ಬಾಗಿಲವರೆಗೆ ಹೋಗಿ ಮರಳಿದ್ದಾಯಿತು. ಬಟ್ಟಲು ಭಾರತಕ್ಕೆ ಬರಲಿಲ್ಲ.

ಇನ್ನು ನಮ್ಮ ಸೀಮೆಯ ಮಾತಿಗೆ ಬರೋಣ. ೨೦೧೬ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿನ ವ್ಯಾಜ್ಯ ಉಲ್ಬಣಿಸಿದುದನ್ನು ಯಾರೂ ಮರೆತಿರಲಾರರು. ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳಿಗೆ ಬೆಂಕಿ ಬಿತ್ತು. ಇತ್ತ ತಮಿಳುನಾಡಿನಲ್ಲಿ ಕರ್ನಾಟಕದವರ ವಾಹನಗಳ ಮೇಲೆ ಕೈಮಾಡಿದರು. ಅಂಥ ದಿನಗಳಲ್ಲಿ ನಮ್ಮಂಥವರ ಸ್ಥಿತಿ ಎರಡು ಮನೆಯ ನೆಂಟನ ಸ್ಥಿತಿ. ಬೆಂಗಳೂರಿನ ಬಂಧುಗಳು ದೂರವಾಣಿಯಲ್ಲಿ ‘ನಿಮ್ಮವರು ಹೀಗೆ ಮಾಡಬಹುದೆ?’ ಎಂದು ಕೇಳುವರು. ಇಲ್ಲಿನ ಕ್ಷೌರದಂಗಡಿಯಲ್ಲಿ ಪರಿಚಿತರೇ ‘ನಿಮ್ಮವರು ನೀರು ಬಿಡಬಾರದೆ?’ ಎಂದು ಕೇಳುವರು. ಎರಡು ಕಡೆಯವರಿಗೂ ನಾವು ‘ನಿಮ್ಮವರು’. ಯಾರ ‘ನಾವು’ ಎಂಬುದರಲ್ಲಿಯೂ ನಮಗೆ ಸ್ಥಳವಿರಲಿಲ್ಲ. ಆ ವಾರ ಬೀದಿಯಲ್ಲಿ ಮನೆಮಾತನ್ನು ತುಸು ಮೆಲ್ಲಗೆ ಆಡಿದವರು ನಾವೊಬ್ಬರೇ ಅಲ್ಲ.

ಏಳು ತಿಂಗಳ ಮೇಲೆ, ೨೦೧೭ರ ಏಪ್ರಿಲಿನಲ್ಲಿ, ಅದೇ ಬೆಂಗಳೂರಿನಲ್ಲಿ ಭಾರತಕ್ಕೂ ಉಜ್ಬೇಕಿಸ್ತಾನಕ್ಕೂ ಡೇವಿಸ್ ಕಪ್ ಸ್ಪರ್ಧೆ ನಡೆಯಿತು. ಮೊದಲ ದಿನದ ಎರಡೂ ಸಿಂಗಲ್ಸನ್ನು ರಾಮ್‌ಕುಮಾರ್ ರಾಮನಾಥನ್ ಮತ್ತು ಪ್ರಜ್ಞೇಶ್ ಗುಣೇಶ್ವರನ್ ಗೆದ್ದರು. ಎರಡನೆಯ ದಿನ ಡಬಲ್ಸಿಗೆ ಇಳಿದವರು ಇಬ್ಬರು. ಒಬ್ಬರು ರೋಹನ್ ಬೋಪಣ್ಣ, ಕೊಡಗಿನ ಕಾಫಿ ತೋಟದ ಮನೆಯವರು. ಇನ್ನೊಬ್ಬರು ಎನ್. ಶ್ರೀರಾಮ್ ಬಾಲಾಜಿ, ನಮ್ಮ ಕೊಯಮತ್ತೂರಿನವರು. ಬಾಲಾಜಿಯವರಿಗೆ ಅದು ಭಾರತದ ಪರವಾಗಿ ಡೇವಿಸ್ ಕಪ್ಪಿನಲ್ಲಿ ಮೊದಲ ಪಂದ್ಯ. ೬-೨, ೬-೪, ೬-೧. ಅಷ್ಟಕ್ಕೆ ಸ್ಪರ್ಧೆ ತೀರ್ಮಾನವಾಗಿಹೋಯಿತು.

ಕಾವೇರಿ ಹುಟ್ಟುವುದು ಕೊಡಗಿನಲ್ಲಿ. ಕೊಯಮತ್ತೂರು, ತಿರುಪ್ಪೂರುಗಳ ನಡುವೆ ಹರಿಯುವ ನೊಯ್ಯಲ್ ಹೊಳೆ ಕೊನೆಗೆ ಹೋಗಿ ಸೇರುವುದೂ ಕಾವೇರಿಯನ್ನೇ. ಆ ನದಿಯ ಹೆಸರಿನಲ್ಲಿ ಬೆಂಕಿ ಹಚ್ಚಿದ ಊರಿನಲ್ಲಿ, ಅದರ ತಲೆಯ ಕಡೆಯವರೊಬ್ಬರೂ ಕೆಳಗಿನ ಉಪನದಿಯ ಕಡೆಯವರೊಬ್ಬರೂ ಬಲೆಯ ಒಂದೇ ಬದಿಯಲ್ಲಿ ನಿಂತು ಒಬ್ಬರ ಹಿಂದಿನ ಚೆಂಡನ್ನು ಇನ್ನೊಬ್ಬರು ಓಡಿ ಹಿಡಿಯುತ್ತಿದ್ದರು. ಇದರಿಂದ ವ್ಯಾಜ್ಯವೇನೂ ಬಗೆಹರಿಯಲಿಲ್ಲ. ಒಂದು ಗುಕ್ಕು ನೀರೂ ಅತ್ತಿತ್ತ ಆಗಲಿಲ್ಲ. ಪ್ರೇಕ್ಷಕರಲ್ಲಿ ಇದನ್ನು ಯೋಚಿಸಿದವರು ಎಷ್ಟು ಮಂದಿಯೋ. ಆಟಗಾರರ ಮನೆಮಾತು ಯಾವುದೆಂದು ಅಲ್ಲಿ ಯಾರೂ ವಿಚಾರಿಸಲಿಲ್ಲ. ಅಂಪೈರ್ ಕೂಗುತ್ತಿದ್ದುದು ‘ಗೇಮ್, ಇಂಡಿಯಾ’ ಎಂದೇ. ಆ ಸಂಜೆ ಸುದ್ದಿಯನ್ನೋದಿದ ನಾವು ಮನೆಯಲ್ಲಿ ‘ನಾವು ಗೆದ್ದೆವು’ ಎಂದು ಹೇಳಿದಾಗ ಯಾವ ‘ನಾವು’ ಎಂದು ಕೇಳುವ ಅಗತ್ಯ ಯಾರಿಗೂ ತೋರಲಿಲ್ಲ.

ತಂಡವೆಂದರೆ ಎಲ್ಲವೂ ಒಗ್ಗಟ್ಟೇ ಎಂದು ವಾಚಕರು ತಿಳಿಯಬಾರದು. ಅದೇ ಬೆಂಗಳೂರಿನ ಸ್ಪರ್ಧೆಗೆ ಲಿಯಾಂಡರ್ ಪೇಸ್ ಅವರನ್ನು ಆರಿಸದೆ ಬಿಟ್ಟದ್ದು ದೊಡ್ಡ ವಾದಕ್ಕೆ ಕಾರಣವಾಯಿತು. ಡೇವಿಸ್ ಕಪ್ಪಿನ ಡಬಲ್ಸಿನಲ್ಲಿ ಅತ್ಯಧಿಕ ಗೆಲುವುಗಳ ದಾಖಲೆಯಲ್ಲಿ ಅವರು ಇಟಲಿಯ ನಿಕೊಲಾ ಪಿಯೆತ್ರಾಂಜೆಲಿಯವರಿಗೆ ಸಮನಾಗಿ, ೪೨ರಲ್ಲಿ ನಿಂತಿದ್ದರು. ಒಂದು ವರ್ಷ ಕಾದು, ೨೦೧೮ರ ಏಪ್ರಿಲಿನಲ್ಲಿ ಚೀನದ ತಿಯಾನ್‌ಜಿನ್ನಿನಲ್ಲಿ ೪೩ನೆಯದನ್ನು ಗೆದ್ದಾಗ ಅವರ ಪಕ್ಕದಲ್ಲಿದ್ದವರು ಬೋಪಣ್ಣನವರೇ! ಅದಕ್ಕೂ ಹಿಂದೆ, ೨೦೧೩ರ ಆರಂಭದಲ್ಲಿ, ತಂಡದ ಪ್ರಮುಖ ಆಟಗಾರರನೇಕರು ಹಣದ ಪಾಲು, ಚಿಕಿತ್ಸಕರು, ಪ್ರಯಾಣ ಮೊದಲಾದ ವಿಷಯಗಳಲ್ಲಿ ಟೆನ್ನಿಸ್ ಸಂಸ್ಥೆಯೊಡನೆ ಜಗಳವಾಡಿ ಆಡಲೊಲ್ಲೆವೆಂದರು. ಪೇಸ್ ಅವರು ಹೊಸಬರನ್ನು ಕಟ್ಟಿಕೊಂಡು ದಿಲ್ಲಿಯಲ್ಲಿ ಕೊರಿಯದ ಎದುರು ಆಡಬೇಕಾಯಿತು. ಭಾರತ ೪-೧ರಿಂದ ಸೋತಿತು. ದೇಶಕ್ಕಾಗಿ ಆಡುವವರು ಹಣ ಕೇಳುವುದೆ ಎಂದು ಆಗ ಕೆಲವರು ಮೂಗು ಮುರಿದರು. ‘ನಾವು’ ಎಂದು ಹೇಳುವುದಕ್ಕೆ ನಮಗೆ ಖರ್ಚಿಲ್ಲ; ನಾವಾಗಿ ಆಡುವುದಕ್ಕೆ ಅವರಿಗೆ ಖರ್ಚುಂಟು. ಅವಿಭಕ್ತ ಕುಟುಂಬದಲ್ಲಿ ದುಡಿಯುವ ಮಗನು ಒಂದು ಜೊತೆ ಕೆರ ಕೇಳಿದರೆ ಕುಲಗೌರವದ ಪುರಾಣ ಹೇಳುವ ಹಿರಿಯರನ್ನು ನಾವೆಲ್ಲ ಕಂಡವರೇ.

೨೦೨೪ರ ಫೆಬ್ರವರಿಯ ಸಂಗತಿಯನ್ನು ಹೇಳದಿದ್ದರೆ ಈ ಲೇಖನ ಅಪೂರ್ಣವಾದೀತು. ಆ ಸಲ ಭಾರತ ತಂಡ ಪಾಕಿಸ್ತಾನದ ಇಸ್ಲಾಮಾಬಾದಿಗೆ ಹೋಗಬೇಕಾಯಿತು. ೧೯೬೪ರ ಅನಂತರ ಡೇವಿಸ್ ಕಪ್ಪಿಗಾಗಿ ಭಾರತದವರು ಆ ದೇಶದಲ್ಲಿ ಕಾಲಿಟ್ಟಿರಲಿಲ್ಲ. ೨೦೧೯ರಲ್ಲಿ ಹೋಗಬೇಕಾಗಿದ್ದಾಗ ಸ್ಪರ್ಧೆಯನ್ನೇ ಕಜಕಿಸ್ತಾನಕ್ಕೆ ಬದಲಾಯಿಸಿದ್ದರು. ಸಿಂಗಲ್ಸಿನ ಮುಖ್ಯ ಆಟಗಾರರು ಕೆಲವರು ತಂಡದಲ್ಲಿರಲಿಲ್ಲ. ಆದುದರಿಂದ ಹುಲ್ಲಿನ ಅಂಗಣದಲ್ಲಿ ಸಿಂಗಲ್ಸ್ ಆಡುವ ಹೊಣೆ ಡಬಲ್ಸನ್ನೇ ವೃತ್ತಿ ಮಾಡಿಕೊಂಡಿದ್ದ ನಮ್ಮ ಬಾಲಾಜಿಯವರ ಹೆಗಲಿಗೆ ಬಿತ್ತು. ಜೊತೆಯವರಿಲ್ಲದೆ ಆಡಿ ಅಖೀಲ್ ಖಾನರನ್ನು ೭-೫, ೬-೩ರಿಂದ ಸೋಲಿಸಿದರು. ಭಾರತ ೪-೦ಯಿಂದ ಗೆದ್ದಿತು. ಎದುರು ತಂಡದಲ್ಲಿದ್ದ ಐಸಾಮ್ ಉಲ್ ಹಕ್ ಖುರೇಷಿಯವರೇ ೨೦೧೦ರಲ್ಲಿ ಬೋಪಣ್ಣನವರ ಜೋಡಿಯಾಗಿ ಅಮೆರಿಕದ ಓಪನ್ ಸ್ಪರ್ಧೆಯ ಫೈನಲ್ಲಿನಲ್ಲಿ ಆಡಿದವರು. ಯುದ್ಧ ಬಿಡಿ, ಟೆನ್ನಿಸ್ ಆಡಿ ಎಂದು ಇಬ್ಬರೂ ಸೇರಿ ಸಾರಿದವರು. ವರ್ಷವೆಲ್ಲ ಒಂದು ‘ನಾವು’, ಡೇವಿಸ್ ಕಪ್ಪಿನಲ್ಲಿ ಇನ್ನೊಂದು ‘ನಾವು’. ಒಂದು ಇನ್ನೊಂದನ್ನು ಅಳಿಸಬೇಕಾಗಿಲ್ಲವೆಂದು ಅವರ ಬಾಳೇ ತೋರಿಸುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಎನ್ನುವ ನಮಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ.

ಅದೇ ವರ್ಷದ ಜುಲೈಯಲ್ಲಿ ಪ್ಯಾರಿಸ್ಸಿನ ಒಲಿಂಪಿಕ್ಸಿನಲ್ಲಿ ಬೋಪಣ್ಣ, ಬಾಲಾಜಿ ಮತ್ತೆ ಜೋಡಿಯಾದರು. ಮೊದಲ ಸುತ್ತಿನಲ್ಲಿಯೇ ಫ್ರಾನ್ಸಿನ ಜೋಡಿಗೆ ಸೋತರು. ಭಾರತದ ಪರವಾಗಿ ಬೋಪಣ್ಣನವರ ಕೊನೆಯ ಪಂದ್ಯ ಅದು. ಡೇವಿಸ್ ಕಪ್ಪಿಗೆ ೨೦೨೩ರ ಸೆಪ್ಟೆಂಬರಿನಲ್ಲಿ ಲಖನೌದಲ್ಲಿಯೇ ವಿದಾಯ ಹೇಳಿದ್ದರು. ಸೆಪ್ಟೆಂಬರಿನಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ವೀಡನ್ ಎದುರು ಭಾರತ ೪-೦ಯಿಂದ ಸೋತಾಗ ನಮ್ಮ ಊರಿನ ಯಾವ ಚಹದ ಅಂಗಡಿಯಲ್ಲಿಯೂ ‘ನಾವು ಸೋತೆವು’ ಎಂದವರನ್ನು ನಾವು ಕಾಣಲಿಲ್ಲ. ‘ಅವರು ಸೋತರಂತೆ’ ಎಂದರು. ಗೆಲುವಿಗೆ ಉತ್ತಮ ಪುರುಷ, ಸೋಲಿಗೆ ಪ್ರಥಮ ಪುರುಷ! ವ್ಯಾಕರಣದಲ್ಲಿಲ್ಲದ ಈ ನಿಯಮವನ್ನು ಮಕ್ಕಳು ನಮ್ಮಿಂದಲೇ ಕಲಿಯುತ್ತಾರೆ.

೨೦೨೫ರ ಸೆಪ್ಟೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಬೀಲ್ ಎಂಬಲ್ಲಿ ಭಾರತ ಆತಿಥೇಯರನ್ನು ೩-೧ರಿಂದ ಸೋಲಿಸಿತು. ೧೯೯೩ರಲ್ಲಿ ಫ್ರಾನ್ಸಿನಲ್ಲಿ ಗೆದ್ದ ಮೇಲೆ ಯುರೋಪಿನ ತಂಡವೊಂದನ್ನು ಅದರ ನೆಲದಲ್ಲಿಯೇ ಮಣಿಸಿದ್ದು ಅದೇ ಮೊದಲು. ತಮಿಳುನಾಡಿನ ತರುಣ ದಕ್ಷಿಣೇಶ್ವರ್ ಸುರೇಶ್ ತಮ್ಮ ಮೊದಲ ಡೇವಿಸ್ ಕಪ್ ಪಂದ್ಯದಲ್ಲಿಯೇ ಗೆದ್ದರು. ಸುಮಿತ್ ನಾಗಲ್ ಎರಡು ಪಂದ್ಯ ಗೆದ್ದರು. ಭಾರತ ಸೋತ ಒಂದೇ ಒಂದು ಪಂದ್ಯವೆಂದರೆ ಡಬಲ್ಸ್. ಅದನ್ನು ಆಡಿದವರು ಋತ್ವಿಕ್ ಬೊಲ್ಲಿಪಲ್ಲಿ ಮತ್ತು ನಮ್ಮ ಬಾಲಾಜಿ. ಮೂರು ಸೆಟ್ಟುಗಳವರೆಗೆ ಎಳೆದು ಸೋತರು.

ಅನಂತರ ಶಾಲೆಯಲ್ಲಿ ಮಕ್ಕಳು ಕೇಳಿದರು: ‘ಸಾರ್, ನಮ್ಮ ಊರಿನವರು ಗೆದ್ದರೆ?’ ಅವರ ಪಂದ್ಯ ಹೋಯಿತು, ಆದರೆ ಗೆದ್ದವರಲ್ಲಿ ಅವರೂ ಒಬ್ಬರು ಎಂದು ಹೇಳಿದೆವು. ಇದೇನು ಲೆಕ್ಕ ಎಂಬಂತೆ ಮಕ್ಕಳು ಮುಖ ಮುಖ ನೋಡಿಕೊಂಡರು. ಅವರ ಗಣಿತದಲ್ಲಿ ಸೋತವನು ಸೋತವನೇ. ಆದರೆ ಬೀಲ್ ಎಂಬ ಆ ಊರಿನಲ್ಲಿ ಅಂದು ನಾಗಲ್ ಕೊನೆಯ ಚೆಂಡನ್ನು ಹೊಡೆದು ಮುಗಿಸಿದಾಗ ಅಂಪೈರ್ ಕೂಗಿದ್ದು ದೇಶದ ಹೆಸರನ್ನು. ಆ ಹೆಸರಿನೊಳಗೆ ಗೆದ್ದವರೂ ಇದ್ದರು, ಸೋತವರೂ ಇದ್ದರು, ಬೆಂಚಿನ ಮೇಲೆ ಕುಳಿತೇ ಇದ್ದವರೂ ಇದ್ದರು. ಆ ‘ನಾವು’ ಎಂಬುದನ್ನು ಗೆಲುವಿನ ದಿನಕ್ಕೆ ಮಾತ್ರ ಮೀಸಲಿಡದೆ, ಸೋತವನ ಹೆಸರನ್ನೂ ತೆತ್ತವನ ಹೆಸರನ್ನೂ ಅದರೊಳಗೆ ಸೇರಿಸಿ ಹೇಳಲು ಮಕ್ಕಳಿಗೆ ಕಲಿಸಿದರೆ ನಮ್ಮ ಕೆಲಸ ಅಷ್ಟಕ್ಕೆ ಸಾರ್ಥಕ. ಕನ್ನಡದಲ್ಲಿ ಹೇಳಿದರೂ ಸರಿಯೆ, ತಮಿಳಿನಲ್ಲಿ ಹೇಳಿದರೂ ಸರಿಯೆ. ತಮಿಳಿನಲ್ಲಾದರೆ ‘ನಾಮ್’ ಎನ್ನಲಿ.